ಲೀಲಾಳ ಆಸೆ ಪೇಪರಿನಲ್ಲಿ ಬಂದದ್ದು

ನನ್ನ ಮೊಮ್ಮಗಳು ಲೀಲಾ ರಕ್ತದ ಕ್ಯಾನ್ಸರಿನಲ್ಲಿ ತೀರಿಕೊಂಡಳು. ಅವಳಿಗೆ ಒಂಬತ್ತು ತುಂಬಿತ್ತು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮಗು ಉಳಿಯುತ್ತೋ ಇಲ್ಲವೋ ಎಂದು ಓದುವವರು ಕೊನೆಯವರೆಗೂ ಕಾಯುವುದು ನನಗೆ ಬೇಡ. ಹಾಗೆ ಕಾಯುವುದು ಏನು ಅಂತ ನನಗೆ ಗೊತ್ತು. ಅವಳು ಒಂದು ದಿನ ಬಸ್ಸಿನಲ್ಲಿ ಸೀಟಿ ಊದಿದಳು, ಅದು ಪೇಪರಿನಲ್ಲಿ ಬಂತು, ಹಾಕಿದ್ದು ಸರಿಯೋ ತಪ್ಪೋ ಎಂದು ತರೀಕೆರೆಯಿಂದ ಕಡೂರಿನವರೆಗೆ ಜನ ವಾದ ಮಾಡಿದರು. ಆ ವಾದ ನಡೆಯುವಾಗ ನಮ್ಮ ಮನೆಯೊಳಗೆ ಏನಾಗುತ್ತಿತ್ತು ಎನ್ನುವುದನ್ನು ಯಾರೂ ಬರೆಯಲಿಲ್ಲ. ಅದಕ್ಕೇ ನಾನು ಬರೆಯುತ್ತಿದ್ದೇನೆ. ನಾನು ಓದಿದ್ದು ಮೂರನೇ ಕ್ಲಾಸು. ಮನೆಯಲ್ಲಿ ಇಂಥ ಮಗು ಮಲಗಿರುವವರಿಗೆ ಅರ್ಥವಾದರೆ ಸಾಕು.

ನಮ್ಮದು ಅಜ್ಜಂಪುರ. ಮಗ ರುದ್ರೇಶನಿಗೆ ಪೇಟೆಯಲ್ಲಿ ಕಾಳುಕಡ್ಡಿ ಅಂಗಡಿ. ಸೊಸೆ ಶಾಂತ. ಲೀಲಾಳ ಮೊಣಕಾಲಿನ ಕೆಳಗೆ ನೀಲಿ ಕಲೆಗಳು ಕಂಡಾಗ ಸ್ಕೂಲಿನಲ್ಲಿ ಹೊಡೆದಿದ್ದಾರೆ ಅಂದುಕೊಂಡೆವು. ಹೊಡೆದಿರಲಿಲ್ಲ. ಆಮೇಲೆ ಜ್ವರ ಬಂತು, ಬಿಟ್ಟಿತು, ಮತ್ತೆ ಬಂತು. ಹಲ್ಲುಜ್ಜಿದರೆ ಬಚ್ಚಲ ಕಲ್ಲಿನ ಮೇಲೆ ರಕ್ತ. ತರೀಕೆರೆಯ ಡಾಕ್ಟರು ಕಣ್ಣಿನ ರೆಪ್ಪೆ ಎಳೆದು ನೋಡಿ, ನಾಲಗೆ ನೋಡಿ, ಏನೂ ಹೇಳದೆ ಬೆಂಗಳೂರಿಗೆ ಚೀಟಿ ಬರೆದುಕೊಟ್ಟರು. ಮಾತು ಜಾಸ್ತಿ ಆಡುವ ಡಾಕ್ಟರು ಅವರು. ಅವತ್ತು ಆಡಲಿಲ್ಲ.

ಶಾಂತಳ ಕೈಯಲ್ಲಿ ಆಗ ಎಳೇ ಕೂಸು. ಹಾಗಾಗಿ ಮಗುವಿನ ಜೊತೆ ಬೆಂಗಳೂರಿಗೆ ಹೋಗಿದ್ದು ನಾನು ಮತ್ತು ರುದ್ರೇಶ. ಆಸ್ಪತ್ರೆಯ ವರಾಂಡದಲ್ಲಿ ಉದ್ದಕ್ಕೆ ಸಿಮೆಂಟಿನ ಕಟ್ಟೆ. ಅದರ ಮೇಲೆ ಕೂತು ಕಾಯುವುದೇ ಅಲ್ಲಿ ಕೆಲಸ. ಎಲ್ಲೆಲ್ಲಿಯ ಜನವೋ ಬಂದಿದ್ದರು. ಮೊದಮೊದಲು ಯಾರೂ ಯಾರ ಜೊತೆಯೂ ಮಾತಾಡುವುದಿಲ್ಲ. ಆಮೇಲೆ ಬಿಸಿನೀರು ಎಲ್ಲಿ ಸಿಗುತ್ತೆ ಎಂದು ಕೇಳುತ್ತಾರೆ. ಅದಾದ ಮೇಲೆ ನಿಮ್ಮ ಮಗೂಗೆ ಏನಂದ್ರು ಎಂದು ಕೇಳುತ್ತಾರೆ. ನಮಗೆ ಏನಂದರು ಎಂಬುದು ನನಗೆ ಯಾರೂ ಹೇಳಬೇಕಾಗಲಿಲ್ಲ. ಡಾಕ್ಟರ ರೂಮಿನಿಂದ ಹೊರಗೆ ಬಂದ ರುದ್ರೇಶ ನನ್ನ ಹತ್ತಿರ ಬರದೆ ನೇರ ನಲ್ಲಿಯ ಹತ್ತಿರ ಹೋದ. ಬಹಳ ಹೊತ್ತು ಮುಖ ತೊಳೆದ. ಅಷ್ಟು ತೊಳೆಯುವಷ್ಟು ಧೂಳು ಅಲ್ಲಿರಲಿಲ್ಲ.

ಮಗುವಿಗೆ ರಕ್ತ ಕಮ್ಮಿ ಆಗಿದೆ ಅಂತ ಮಾತ್ರ ಹೇಳುವುದೆಂದು ನಾವು ಮಾತಾಡಿಕೊಂಡೆವು. ಬೆನ್ನಿನ ಮೂಳೆಗೆ ಸೂಜಿ ಹಾಕುವಾಗ ಅವಳು ನನ್ನ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಔಷಧಿ ಹತ್ತಿದ ಮೇಲೆ ಕೂದಲು ದಿಂಬಿಗೆ ಅಂಟಿ ಬರತೊಡಗಿತು. ನಾನು ದಿಂಬನ್ನು ಆಗಾಗ ಕೊಡವಿ ಮುಚ್ಚಿಟ್ಟೆ, ಅದೂ ಆಗದಾಯಿತು. ಆ ವಾರ್ಡಿನಲ್ಲಿ ಒಬ್ಬಳು ಆಯಾ ಇದ್ದಳು, ಕೋಲಾರದ ಕಡೆಯವಳು. ಬ್ಲೇಡು ತಂದು ಒಂದೇ ಸಲಕ್ಕೆ ತಲೆ ಬೋಳಿಸಿ, ಮುಡಿ ಕೊಟ್ಟಾಯ್ತು ನಡಿ, ಇನ್ನು ದೇವರು ನೋಡ್ಕೋತಾನೆ ಅಂದಳು. ಲೀಲಾ ಊರಿಗೆ ಬಂದ ಮೇಲೆ ಕೇಳಿದವರಿಗೆಲ್ಲ ಮುಡಿ ಕೊಟ್ಟೆ ಎಂದೇ ಹೇಳುತ್ತಿದ್ದಳು. ಯಾವ ದೇವರಿಗೆ ಎಂದು ಯಾರೋ ಕೇಳಿದಾಗ, ‘ಬೆಂಗಳೂರ್ ದೇವ್ರಿಗೆ. ಅಲ್ಲಿ ತೀರ್ಥ ಎಲ್ಲ ಬಾಟ್ಲಿಯಲ್ಲೇ ಕೊಡೋದು’ ಅಂದಳಂತೆ.

ಇನ್ನು ನಮ್ಮ ಕಡೆಯ ಒಂದು ಪದ್ಧತಿ ಹೇಳಬೇಕು. ಅದು ಗೊತ್ತಿಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ನಮ್ಮಲ್ಲಿ ಹಾಸಿಗೆ ಹಿಡಿದವರು ಮತ್ತೆ ಏಳುವುದಿಲ್ಲ ಎಂದು ಗೊತ್ತಾದಾಗ ನೆಂಟರು ಬಂದು ಆಸೆ ಕೇಳುತ್ತಾರೆ. ಏನ್ ತಿನ್ನಂಗಾಗುತ್ತೆ, ಯಾರನ್ನ ನೋಡಂಗಾಗುತ್ತೆ ಎಂದು ಕೇಳಿ, ಹೇಳಿದ್ದನ್ನು ಮಾಡಿಕೊಂಡು ಬರುತ್ತಾರೆ. ಜೀವ ಎಳೆಯುತ್ತಿದ್ದರೆ ಏನೋ ಆಸೆಗೆ ತಡಕೊಂಡಿದೆ ಅನ್ನುತ್ತಾರೆ. ಆಸೆ ತೀರಿದರೆ ಜೀವ ಸುಮ್ಮನೆ ಹೋಗುತ್ತದೆ ಎಂದು ನಂಬಿಕೆ. ನನ್ನ ಭಾವನವರು, ಲೀಲಾಳಿಗೆ ದೊಡ್ಡಜ್ಜ, ಬೇಸಗೆಯಲ್ಲಿ ಹಾಗೆ ಮಲಗಿದ್ದಾಗ ಹಲಸಿನ ಹಣ್ಣು ಎಂದರು. ಪಕ್ಕದ ಮನೆಯಿಂದ ತೊಳೆ ತರಲು ಕಳಿಸಿದ್ದು ಇದೇ ಲೀಲಾಳನ್ನು. ಚಿಕ್ಕವಳು, ಎಲೆಯಲ್ಲಿ ಮುಚ್ಚಿಕೊಂಡು ಓಡುತ್ತಾ ತಂದಳು. ಅವರ ಬಾಯಿಗೆ ಅದರ ರಸ ಹಿಂಡಿದರು. ಸಂಜೆಯೊಳಗೆ ಹೋದರು. ಒಳ್ಳೇ ಸಾವು ಎಂದು ಎಲ್ಲರೂ ಲೀಲಾಳ ಎದುರಿಗೇ ಮಾತಾಡಿದರು.

ಹಾಗಾಗಿ ಬೆಂಗಳೂರಿನಿಂದ ಬಂದ ದಿನವೇ ನಾನು ಮನೆಯವರಿಗೆಲ್ಲ ಹೇಳಿದ್ದೆ. ಈ ಮಗುವನ್ನು ಏನು ಬೇಕು ಎಂದು ಯಾರೂ ಕೇಳಕೂಡದು. ಬೇಕಾದ್ದು ಮಾಡಿ ತಟ್ಟೆಗೆ ಹಾಕಿ. ತಿಂದರೆ ತಿನ್ನಲಿ, ಬಿಟ್ಟರೆ ಬಿಡಲಿ. ಕೇಳಬೇಡಿ. ಶಾಂತ ಒಂದು ಸಲ ಮರೆತು ಕೇಳಿದಾಗ ನಾನು ಅವಳಿಗೆ ಚೆನ್ನಾಗಿ ಬೈದೆ. ಅವಳು ಅತ್ತಳು. ಅತ್ತರೂ ಮತ್ತೆ ಕೇಳಲಿಲ್ಲ.

ಒಂದು ಸಲ ಬೆಂಗಳೂರಿಗೆ ಹೋಗಿಬಂದು ಮತ್ತೆ ಹೋಗುವುದರ ಮಧ್ಯೆ ತರೀಕೆರೆ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಇರುತ್ತಿತ್ತು. ನಾವು ಹೋಗುತ್ತಿದ್ದುದು ಒಂದು ಪ್ರೈವೇಟ್ ಬಸ್ಸಿನಲ್ಲಿ. ಅದರ ಕಂಡಕ್ಟರು ಬಾಷಾ. ಲೀಲಾ ಡ್ರೈವರ್ ಹಿಂದಿನ ಸೀಟಿನಲ್ಲಿ ಕೂತು, ಬಾಷಾ ರೈಟ್ ಎನ್ನುವ ಮೊದಲೇ ತಾನು ರೈಟ್ ಅನ್ನುತ್ತಿದ್ದಳು. ಒಂದು ದಿನ ಬಸ್ಸು ಹೊರಡುವಾಗ ಬಾಷಾ ಚರ್ಮದ ಚೀಲ ತೆಗೆದು ಅವಳ ಕೊರಳಿಗೆ ಹಾಕಿದ. ನಂಗೆ ಇವತ್ತು ಕಾಲು ನೋವು, ನೀನೇ ನೋಡ್ಕೊಳ್ಳಮ್ಮ ಅಂದ. ಅವಳು ಕೇಳಿರಲಿಲ್ಲ. ಅವನೂ ಅವಳನ್ನು ಏನೂ ಕೇಳಲಿಲ್ಲ. ಚೀಲ ಅವಳ ಮೊಣಕಾಲಿಗೆ ಬಡಿಯುತ್ತಿತ್ತು.

ಅವತ್ತು ತರೀಕೆರೆಯವರೆಗೂ ಸೀಟಿ ಊದಿದ್ದು, ಟಿಕೆಟ್ ಹರಿದದ್ದು ಎಲ್ಲ ಲೀಲಾ. ಚಿಲ್ಲರೆ ಮಾತ್ರ ಬಾಷಾ ಹಿಂದಿನಿಂದ ನೋಡಿಕೊಂಡ. ಬಾಗಿಲಲ್ಲಿ ನೇತಾಡುತ್ತಿದ್ದ ದಪ್ಪ ಆಳಿಗೆ, ‘ಒಳಗ್ ಬರ್ರಿ ಗೌಡ್ರೆ, ಬಾಗ್ಲಲ್ಲಿ ನಿಂತ್ರೂ ಅಷ್ಟೇ ಚಾರ್ಜು’ ಅಂದಳು. ಬಸ್ಸೆಲ್ಲ ನಕ್ಕಿತು. ನನ್ನ ಹತ್ತಿರ ಬಂದಾಗ ನಾನು ಸುಮ್ಮನೆ ಕೂತಿದ್ದೆ. ‘ಅಜ್ಜಿ, ಸಂಬಂಧ ಎಲ್ಲ ಮನೇಲಿ. ಟಿಕೆಟ್ ತಗೋ’ ಎಂದಳು. ತಗೊಂಡೆ. ಇಳಿಯುವಾಗ ಅವಳಿಗೆ ಮೈ ಬಿಸಿಯಾಗಿತ್ತು, ಆದರೆ ಅವತ್ತು ಸೂಜಿಗೆ ಕೈ ತಾನೇ ಚಾಚಿದಳು. ಆ ಕಾಯಿಲೆಯ ದಿನಗಳಲ್ಲಿ ನನಗೆ ಸಿಕ್ಕ ಒಳ್ಳೇ ದಿನ ಅದೊಂದೇ.

ಆ ಬಸ್ಸಿನಲ್ಲಿ ಶಶಿಧರ ಎನ್ನುವವನೂ ಇದ್ದ. ತರೀಕೆರೆಯಲ್ಲಿ ಲಗ್ನಪತ್ರಿಕೆ ಅಚ್ಚು ಹಾಕುವ ಸಣ್ಣ ಪ್ರೆಸ್ಸು ಅವನದು. ಜಿಲ್ಲೆಯ ಪೇಪರಿಗೆ ಸುದ್ದಿಯನ್ನೂ ಕಳಿಸುತ್ತಿದ್ದ. ನಾಲ್ಕು ದಿನ ಬಿಟ್ಟು ಫೋಟೋ ತೆಗೆಯುವವನನ್ನು ಕರೆದುಕೊಂಡು ಮನೆಗೆ ಬಂದ. ಯಾತಕ್ಕಪ್ಪ ಇದು ಎಂದು ನಾನು ಕೇಳಿದೆ. ಒಳ್ಳೇ ಕೆಲಸ ಆಗಿದೆ ಅಮ್ಮ, ನಾಲ್ಕು ಜನಕ್ಕೆ ತಿಳಿದರೆ ಇನ್ನೊಬ್ಬರು ಮಾಡುತ್ತಾರೆ ಅಂದ. ರುದ್ರೇಶ ಒಪ್ಪಿದ. ಮಗಳ ಫೋಟೋ ಎಂದರೆ ಯಾವ ಅಪ್ಪ ಬೇಡ ಅಂತಾನೆ. ಬಸ್ ಸ್ಟ್ಯಾಂಡಿಗೆ ಕರೆದುಕೊಂಡು ಹೋಗಿ, ಯಾರದೋ ಖಾಕಿ ಅಂಗಿ ಹಾಕಿ, ಸೀಟಿ ಬಾಯಲ್ಲಿ ಇಟ್ಟು ಬಿಸಿಲಲ್ಲಿ ನಿಲ್ಲಿಸಿದರು. ತಲೆಗೆ ಕಟ್ಟಿದ್ದ ಬಟ್ಟೆ ತೆಗೆಸಿದರು. ನಿಂತಿದ್ದ ಬಸ್ಸು ಅದು. ಹೊರಡಲಿಲ್ಲ. ‘ಬಸ್ಸೇ ಹೋಗಲ್ಲ, ಯಾಕೆ ಊದ್ಬೇಕು?’ ಎಂದು ಅವಳು ಕೇಳಿದಳು. ಒಂದೇ ಸಲ ಊದು ಪುಟ್ಟ ಎಂದರು. ಊದಿದಳು.

ಪೇಪರು ಬಂದ ದಿನ ಅಂಗಡಿಯ ಹುಡುಗ ಓಡಿಬಂದು ಕೊಟ್ಟು ಹೋದ. ಶಾಂತ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಳು, ರುದ್ರೇಶ ಅಂಗಡಿಯಲ್ಲಿ. ನನಗೆ ಪೇಪರು ಓದಿ ಹೇಳುತ್ತಿದ್ದುದು ಯಾವಾಗಲೂ ಲೀಲಾ. ನಾನು ಅಕ್ಷರ ಕೂಡಿಸುವಷ್ಟರಲ್ಲಿ ಅವಳು ಒಂದು ಪುಟ ಮುಗಿಸುತ್ತಿದ್ದಳು. ನಡುಮನೆಯಲ್ಲಿ ಗೋಡೆಗೆ ಒರಗಿ ಕೂತು, ತನ್ನ ಫೋಟೋ ನೋಡಿ ಕಿವಿ ದೊಡ್ಡದಾಗಿ ಬಂದಿದೆ ಎಂದು ನಕ್ಕು, ಸ್ಕೂಲಿನಲ್ಲಿ ಪಾಠ ಓದುವ ಹಾಗೆ ಗಟ್ಟಿಯಾಗಿ ಓದತೊಡಗಿದಳು.

‘ಸಾವಿನ ಹೊಸ್ತಿಲಲ್ಲಿರುವ ಬಾಲೆಯ ಕೊನೆಯಾಸೆ ಈಡೇರಿತು.’

ಅಷ್ಟು ಓದಿ ನಿಲ್ಲಿಸಿದಳು. ಮುಂದಿನದನ್ನು ಮನಸ್ಸಿನಲ್ಲೇ ಓದಿಕೊಂಡಳು. ಅವಳ ತುಟಿ ಆಡುವುದು ನನಗೆ ಕಾಣುತ್ತಿತ್ತು. ಕಿತ್ತುಕೊಳ್ಳೋಣ ಎಂದರೆ ನನ್ನ ಕೈ ಏಳಲಿಲ್ಲ. ಪೇಪರು ಮಡಿಸಿಟ್ಟು ಕೇಳಿದಳು.

‘ಅಜ್ಜಿ, ನನ್ನ ಆಸೆ ಯಾರ್ ಕೇಳಿದ್ರು?’

‘ಯಾರೂ ಕೇಳ್ಲಿಲ್ಲ ಕಣೇ.’

‘ಮತ್ತೆ ಕೊನೇದು ಅಂತ ಹೆಂಗ್ ಗೊತ್ತಾಯ್ತು ಅವ್ರಿಗೆ?’

ಪೇಪರಿನವರು ಏನೇನೋ ಬರೀತಾರೆ ಅಂದೆ. ಅವಳು ನನ್ನ ಮುಖ ನೋಡಿದಳು. ಮತ್ತೆ ಕೇಳಲಿಲ್ಲ. ರಕ್ತ ಕಮ್ಮಿ ಎನ್ನುವ ನಮ್ಮ ಮಾತು ಅಲ್ಲಿಗೆ ಮುಗಿಯಿತು. ಯಾರೂ ಬಾಯಿಬಿಟ್ಟು ಹೇಳದೆಯೇ ಮುಗಿಯಿತು.

ಮಾರನೇ ದಿನದಿಂದ ಜನ ಬರತೊಡಗಿದರು. ಶಿವನಿಯಿಂದ, ಪಂಚನಹಳ್ಳಿಯಿಂದ, ಗುರುತಿಲ್ಲದವರು. ಕೆಟ್ಟ ಜನ ಅಂತ ನಾನು ಹೇಳುವುದಿಲ್ಲ. ಒಬ್ಬಾಕೆ ಬಿಸಿಲಲ್ಲಿ ನಡೆದು ಹೋಳಿಗೆ ಹೊತ್ತು ತಂದಿದ್ದಳು. ಕಡುಬು ಬಂತು, ಕರಜಿಕಾಯಿ ಬಂತು. ಪೇಪರಿನಲ್ಲಿ ಕೊನೆಯಾಸೆ ಎಂದು ಅಚ್ಚಾದ ಮೇಲೆ ಅವರಿಗೆ ತಿಳಿದದ್ದು ಒಂದೇ ರೀತಿ. ಹೊಸ್ತಿಲು ದಾಟುತ್ತಲೇ, ಏನ್ ತಿನ್ನಂಗಾಗುತ್ತೆ ಮಗ ಎಂದು ಕೇಳುತ್ತಿದ್ದರು. ನಾನು ಎಷ್ಟೆಂದು ಬಾಗಿಲು ಕಾಯಲಿ. ಲೀಲಾ ಗೋಡೆಯ ಕಡೆ ತಿರುಗಿ, ಏನೂ ಬೇಡ ಎಂದು ಹೇಳುತ್ತಿದ್ದಳು. ಪಾಪ ಎಂದು ಅವಳ ಬೋಳುತಲೆ ಸವರಿ, ಕಣ್ಣೊರೆಸಿಕೊಂಡು ಹೋಗುತ್ತಿದ್ದರು.

ಹೊರಗೆ ಅಷ್ಟರಲ್ಲಿ ವಾದ ಶುರುವಾಗಿತ್ತು. ಕಡೂರಿನ ಒಬ್ಬ ರಿಟೈರಾದ ಹೆಡ್‌ಮಾಸ್ಟರು ಅದೇ ಪೇಪರಿಗೆ ಕಾಗದ ಬರೆದರು. ಮಗುವಿನ ಕಾಯಿಲೆ ಊರೆಲ್ಲ ನೋಡುವ ಪ್ರದರ್ಶನವಲ್ಲ, ಆಸೆ ತೀರಿಸಿದವರು ತೀರಿಸಿ ಸುಮ್ಮನಿರಬೇಕಿತ್ತು ಎಂದು. ತರೀಕೆರೆಯ ಒಬ್ಬ ವಕೀಲರು ಅದಕ್ಕೆ ಉತ್ತರ ಬರೆದರು. ಕ್ಯಾನ್ಸರ್ ಅಂದರೆ ಅಂಟುಜಾಡ್ಯ ಎಂದು ಲೋಟ ಬೇರೆ ಇಡುವ ಮನೆಗಳಿವೆ, ಆ ಮಗುವಿನ ಕೈಯಿಂದ ಬಸ್ಸಿನ ಜನರೆಲ್ಲ ಟಿಕೆಟ್ ತೆಗೆದುಕೊಂಡರು ಎಂದು ಓದಿದರೆ ಆ ಭಯ ಹೋಗುತ್ತದೆ ಎಂದು. ಅವರ ಮಾತೂ ಸುಳ್ಳಲ್ಲ. ನಮ್ಮ ಕೇರಿಯಲ್ಲೇ ಮಕ್ಕಳನ್ನು ನಮ್ಮ ಜಗಲಿಗೆ ಬಿಡದವರಿದ್ದರು. ಹೋಟೆಲಿನಲ್ಲಿ ಬೇರೆ ಮಾತು. ಬಸ್ಸಿನ ಓನರು ಜಾಹೀರಾತಿಗೆ ಮಾಡಿಸಿದ್ದು ಎಂದು ಕೆಲವರು. ಓನರು ಆ ಪೇಪರನ್ನು ಕತ್ತರಿಸಿ ಬಸ್ಸಿನೊಳಗೆ ಅಂಟಿಸಿದ್ದು ನಿಜ. ನಾವು ಮತ್ತೆ ತರೀಕೆರೆಗೆ ಹೊರಟ ದಿನ ಬಾಷಾ ಉಗುರಿನಿಂದ ಅದನ್ನು ಕೆರೆದು ತೆಗೆಯುತ್ತಿದ್ದ. ಲೀಲಾಳಿಗೆ ಚೀಲ ಕೊಡಲು ಹೋದ. ಅವಳು ಬೇಡ ಎಂದು ಕಿಟಕಿಯ ಕಡೆ ನೋಡಿದಳು.

ಕೊನೆಗೆ ತರೀಕೆರೆಯ ಒಂದು ಸಂಘದವರು ಈ ವಿಷಯಕ್ಕೇ ಸಭೆ ಕರೆದರು. ಹೆಡ್‌ಮಾಸ್ಟರೂ ಬಂದಿದ್ದರು, ವಕೀಲರೂ ಬಂದಿದ್ದರು, ಶಶಿಧರನೂ ಇದ್ದ. ರುದ್ರೇಶನನ್ನು ಕರೆದಿದ್ದರು, ಅವನು ಬರುವುದಿಲ್ಲ ಎಂದ. ನಾನು ಹೋದೆ. ಒಳ್ಳೇ ಕನ್ನಡದಲ್ಲಿ ಬಹಳ ಹೊತ್ತು ಮಾತಾಡಿದರು. ಎರಡು ಕಡೆಯವರೂ ನನ್ನ ಮೊಮ್ಮಗಳನ್ನು ಆ ಬಾಲೆ, ಆ ಬಾಲೆ ಅನ್ನುತ್ತಿದ್ದರು. ಮನೆಯವರು ಏನಾದರೂ ಹೇಳುತ್ತೀರಾ ಎಂದಾಗ ಎದ್ದು ನಿಂತೆ. ‘ಬಸ್ಸಿಗೆ ನನ್ನ ತಕರಾರಿಲ್ಲ. ಫೋಟೋಕ್ಕೂ ಇಲ್ಲ ಅಂತ ಇಟ್ಕೊಳ್ಳಿ. ಕೊನೇದು ಅಂತ ಬರೆದ್ರಲ್ಲ, ಅದನ್ನ ಯಾರ್ ಹೇಳಿದ್ರು ನಿಮ್ಗೆ? ಅವಳಿಗೆ ಓದಕ್ಕೆ ಬರುತ್ತೆ ಕಣ್ರೀ’ ಅಂದೆ. ಶಶಿಧರ ತಲೆ ತಗ್ಗಿಸಿದ. ಯಾರೋ ಚಪ್ಪಾಳೆ ತಟ್ಟಿದರು. ಯಾತಕ್ಕೆ ತಟ್ಟಿದರೋ ಗೊತ್ತಿಲ್ಲ.

ಹೊರಗೆ ಬಂದಾಗ ಶಿವನಿಯ ಹೆಂಗಸೊಬ್ಬಳು ನನ್ನ ಹಿಂದೆಯೇ ಬಂದಳು. ಹೆಸರು ಹಾಲಮ್ಮ. ಅವಳ ಮಗನಿಗೂ ಇದೇ ಕಾಯಿಲೆ. ಲೀಲಾಳ ಸುದ್ದಿ ಓದಿದ ಮೇಲೆ ಅವರ ಊರಿನ ಹುಡುಗರು ರಕ್ತ ಕೊಡುತ್ತೇವೆಂದು ರೈಲು ಹತ್ತಿ ಬೆಂಗಳೂರಿಗೆ ಹೋಗಿದ್ದರಂತೆ. ಅದಕ್ಕೆ ಮುಂಚೆ ಕೇಳಿದರೆ ಸೂಜಿ ಎಂದು ಓಡುತ್ತಿದ್ದವರು. ‘ನೀವು ಬೈದದ್ದು ಸರಿ ಅಮ್ಮ. ಆದ್ರೆ ಅದು ಪೇಪರಲ್ಲಿ ಬರದೇ ಇದ್ರೆ ನನ್ನ ಮಗ ಇಷ್ಟೊತ್ತಿಗೆ ಇರ್ತಿರ್ಲಿಲ್ಲ. ನಾನು ಏನ್ ಅಂತ ಹೇಳ್ಲಿ’ ಅಂದಳು. ಇಬ್ಬರೂ ಬಸ್ಸಿಗೆ ಕಾಯುತ್ತಾ ಒಂದೇ ಕಲ್ಲಿನ ಮೇಲೆ ಕೂತೆವು. ಮುಂದಿನ ವಾರ ನಾನು ಬೈದದ್ದೂ ಪೇಪರಿನಲ್ಲಿ ಬಂತು. ‘ಅಜ್ಜಿಯ ಕಣ್ಣೀರು’ ಎಂದು ಹಾಕಿದ್ದರು. ನಾನು ಅತ್ತಿರಲಿಲ್ಲ.

ಮನೆಯಲ್ಲಿ ಲೀಲಾ ಏನನ್ನೂ ಕೇಳುವುದನ್ನು ನಿಲ್ಲಿಸಿದ್ದಳು. ಮೊದಲು ನಾನು ಅದನ್ನು ಹಟ ಎಂದುಕೊಂಡೆ, ಆಮೇಲೆ ಸುಸ್ತು ಎಂದುಕೊಂಡೆ. ಒಂದು ಮಧ್ಯಾಹ್ನ ನೋಡಿದರೆ ತುಟಿ ಒಣಗಿ ಬಿರುಕು ಬಿಟ್ಟಿದೆ, ನೀರಿನ ಚೊಂಬು ಕೈಗೆ ಎಟುಕದ ಕಡೆ ಇದೆ, ಅದನ್ನೇ ನೋಡುತ್ತಾ ಮಲಗಿದ್ದಾಳೆ. ನೀರು ಬೇಕೇನೇ ಅನ್ನಲು ಬಾಯಿ ತೆರೆದವಳು ಹಾಗೇ ಮುಚ್ಚಿಕೊಂಡೆ. ತಲೆ ಎತ್ತಿ ಹಿಡಿದು ಕುಡಿಸಿದೆ. ಗಟಗಟ ಕುಡಿದಳು. ಯಾಕೆ ಕೂಗಲಿಲ್ಲ ಎಂದು ಗದರಿಸಿದೆ.

‘ಕೇಳಿದ್ರೆ ಕೊಟ್ಬಿಡ್ತೀರಲ್ಲ’ ಅಂದಳು.

ಆಮೇಲೆ ಮೆಲ್ಲಗೆ ಹೇಳಿದಳು. ಆಸೆ ಎಲ್ಲ ತೀರಿದರೆ ತಾನೇ ಜೀವ ಹೋಗುವುದು. ದೊಡ್ಡಜ್ಜಂಗೆ ಹಾಗೇ ಆಯಿತಲ್ಲ. ಅದಕ್ಕೆ ತಾನು ಒಂದು ಆಸೆ ಎತ್ತಿಟ್ಟುಕೊಂಡಿದ್ದಾಳೆ. ಯಾರಿಗೂ ಹೇಳುವುದಿಲ್ಲ. ಹೇಳಿದರೆ ಯಾರಾದರೂ ತಂದು ಕೊಟ್ಟುಬಿಡುತ್ತಾರೆ, ಪೇಪರಿನಲ್ಲಿ ಹಾಕುತ್ತಾರೆ, ಅಲ್ಲಿಗೆ ಮುಗಿಯುತ್ತದೆ. ಬಾಯಿ ತಪ್ಪಿ ಅದೇ ಬಂದುಬಿಟ್ಟೀತೆಂದು ಏನನ್ನೂ ಕೇಳದೆ ಇರುವುದೇ ವಾಸಿ.

ನಾನು ಒಳಗೆ ಹೋಗಿ ಒಲೆಯ ಮುಂದೆ ಕೂತೆ. ಅಕ್ಕಿ ಆರಿಸುವುದಿತ್ತು, ಆರಿಸಿದೆ. ಆ ನಂಬಿಕೆಯನ್ನು ಅವಳಿಗೆ ಕಲಿಸಿದವರು ನಾವೇ. ಸುಳ್ಳು ಕಣೇ ಎಂದು ಹೇಗೆ ಹೇಳಲಿ. ಹೇಳಿದರೆ ಅವಳು ಹಿಡಿದುಕೊಂಡಿದ್ದ ಒಂದು ಹಗ್ಗವೂ ಕೈಬಿಡುತ್ತದೆ. ಅವತ್ತಿನಿಂದ ನಾನು ಅವಳ ಕಣ್ಣು ನೋಡಿ ನೀರು ಕೊಡುವುದನ್ನು ಕಲಿತೆ. ಹೊದಿಕೆ, ಗಂಜಿ, ಬೆನ್ನು ಸವರುವುದು, ಎಲ್ಲ ಕೇಳದೇ ಮಾಡಿದೆ. ಇಂಥ ಮಗು ಮನೆಯಲ್ಲಿದ್ದರೆ ಅದನ್ನು ಕಲಿಯಬಹುದು, ಕಷ್ಟವಲ್ಲ. ಅದರ ಮುಖ ಬಿಟ್ಟು ಬೇರೆ ಕಡೆ ನೋಡಬಾರದು, ಅಷ್ಟೇ.

ಔಷಧಿ ನಿಂತಿತು. ಬೆಂಗಳೂರಿನವರು ಇನ್ನು ಕರೆದುಕೊಂಡು ಬರುವುದು ಬೇಡ ಅಂದರು. ಹದಿನೈದು ದಿನ ಅಂದುಕೊಂಡದ್ದು ಎಷ್ಟೋ ಮುಂದಕ್ಕೆ ಹೋಯಿತು. ಮಗು ನರಳುತ್ತಿತ್ತು. ನೆಂಟರು ಬಂದು ಕೂತರು. ಪಡಸಾಲೆಯಲ್ಲಿ ಮಾತು ಶುರುವಾಯಿತು, ಏನೋ ಆಸೆ ಇಟ್ಕೊಂಡೈತೆ, ಅದಕ್ಕೇ ಜೀವ ಹೋಗ್ತಿಲ್ಲ, ಕೇಳಿ ಎಂದು. ಶಾಂತಳ ತವರಿನವರು ಅವಳ ತಲೆಗೆ ಅದನ್ನು ತುಂಬಿದರು. ಅವಳು ನನ್ನ ಹತ್ತಿರ ಬಂದು, ‘ನಾನು ಹೆತ್ತೋಳು ಅತ್ತೆ. ಆ ನೋವು ನೋಡಕ್ಕಾಗಲ್ಲ. ಒಂದ್ಸಲ ಕೇಳ್ಬಿಡ್ತೀನಿ’ ಅಂದಳು. ಕೇಳಬೇಡ ಎಂದೆ. ಯಾಕೆ ಅಂತ ಅವಳಿಗೆ ಹೇಳಲಿಲ್ಲ. ಅವಳು ನನ್ನನ್ನು ಶಪಿಸಿದಳು. ಶಪಿಸಲಿ ಎಂದು ಮಗುವಿನ ಹಾಸಿಗೆಯ ಪಕ್ಕ ಕೂತುಬಿಟ್ಟೆ. ಯಾರು ಬಂದರೂ ಏಳಲಿಲ್ಲ.

ಒಂದು ಬೆಳಗ್ಗೆ ಲೀಲಾ ಬೆರಳಿನಿಂದ ನನ್ನ ಕೈ ಕೆರೆದಳು. ಬಗ್ಗಿದೆ. ಕಿವಿಯಲ್ಲಿ ತನ್ನ ಆಸೆ ಹೇಳಿದಳು. ಹೇಳಿ, ‘ಕೊಡ್ಬೇಡ ಅಜ್ಜಿ. ಸುಮ್ನೆ ಗೊತ್ತಿರ್ಲಿ’ ಅಂದಳು.

ಆಯ್ತು ಕಣೇ ಅಂದೆ. ಅದನ್ನು ಕೊಡಬಹುದಿತ್ತು. ಎದ್ದು ನಾಲ್ಕು ಹೆಜ್ಜೆ ಹೋದರೆ ಸಿಗುವಂಥದ್ದೇ. ಕೊಡಲಿಲ್ಲ. ಬೇಡ ಅಂದಿದ್ದಳು. ಮಾರನೇ ದಿನ ಹೋದಳು. ಆಸೆ ಉಳಿದಿದ್ದರೆ ಜೀವ ಹೋಗುವುದಿಲ್ಲ ಎನ್ನುವುದು ಸುಳ್ಳು.

ಮಣ್ಣು ಮಾಡಿ ಬಂದ ಮೇಲೆ ಶಶಿಧರ ಬಂದಿದ್ದ. ಪೇಪರಿಗೆ ಅಲ್ಲ, ಕೈಯಲ್ಲಿ ಏನೂ ಇರಲಿಲ್ಲ. ಜಗಲಿಯಲ್ಲಿ ಕೂತಿದ್ದು ಹೋದ. ನೆಂಟರು ಕೇಳಿದರು, ಕೊನೆಗೆ ಏನಾದರೂ ಹೇಳಿತಾ ಎಂದು. ಇಲ್ಲ ಅಂದೆ. ಇಲ್ಲಿಯೂ ಅದನ್ನು ಬರೆಯುವುದಿಲ್ಲ. ಎಲ್ಲರೂ ಹೋದ ಮೇಲೆ ಶಾಂತಳಿಗೆ ಮಾತ್ರ ಹೇಳಿದೆ. ಅವಳು ಕೂಸಿಗೆ ಹಾಲು ಕುಡಿಸುತ್ತಿದ್ದಳು. ಕೇಳಿ ಕೂಸನ್ನು ಇನ್ನೊಂದು ಮಗ್ಗುಲಿಗೆ ಹಾಕಿಕೊಂಡಳು.

‘ಅಷ್ಟೇನಾ ಅತ್ತೆ’ ಅಂದಳು.

‘ಅಷ್ಟೇ ಕಣಮ್ಮ’ ಅಂದೆ.